ಹನ್ನೊಂದೂವರೆ ಸೆಂಟಿಮೀಟರಿನ ಲೆಕ್ಕ

ಕೂಸಿನ ಎಡತೋಳಿಗೆ, ಭುಜಕ್ಕೂ ಮೊಣಕೈಗೂ ನಟ್ಟನಡುವೆ, ಒಂದು ಪಟ್ಟಿ ಸುತ್ತುತ್ತಾರೆ. ಬಿಗಿಯಬಾರದು, ಸಡಿಲವೂ ಬಿಡಬಾರದು. ಪಟ್ಟಿಯ ಕಿಂಡಿಯಲ್ಲಿ ಹಸಿರು ಕಂಡರೆ ಚಿಂತೆಯಿಲ್ಲ, ಹಳದಿ ಕಂಡರೆ ಎಚ್ಚರ ಬೇಕು, ಕೆಂಪು ಕಂಡರೆ ತಡಮಾಡದೆ ಆಸ್ಪತ್ರೆಗೆ ತೋರಿಸಬೇಕು. ಕೆಂಪು ಶುರುವಾಗುವುದು 11.5 ಸೆಂಟಿಮೀಟರಿನ ಕೆಳಗೆ. ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಗೆರೆ ಇದೊಂದೇ. ಆರು ತಿಂಗಳ ಕೂಸಿಗೂ ನಾಲ್ಕು ವರ್ಷದ ಹುಡುಗನಿಗೂ ಒಂದೇ ಅಳತೆ ಹೇಗೆ ಸರಿಹೋದೀತು ಎಂದು ಅನುಮಾನ ಬರುವುದು ಸಹಜ. ಮೊದಲ ವರ್ಷ ಕಳೆದ ಮೇಲೆ ಮಕ್ಕಳ ತೋಳಿನ ಕೊಬ್ಬು ನಿಧಾನವಾಗಿ ಕರಗುತ್ತದೆ, ಅದೇ ಹೊತ್ತಿಗೆ ಸ್ನಾಯು ಬೆಳೆಯುತ್ತದೆ. ಒಂದು ಕಳೆದು ಇನ್ನೊಂದು ಕೂಡುವುದರಿಂದ ಸುತ್ತಳತೆ ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾಗಿ ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೂ ಪಟ್ಟಿ ಕೆಲಸ ಮಾಡುತ್ತದೆ. 'ಹ್ವಾದ ವರ್ಷ ಮೊಹರಂ ಮುಂದ ಹುಟ್ಯಾದ' ಎಂಬಷ್ಟೇ ಉತ್ತರ ಸಿಗುವ ಮನೆಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಅಂಥ ಮನೆಗಳ ಸೀಮೆ. ಹೋಬಳಿ ಕೇಂದ್ರ, ದೇವದುರ್ಗದಿಂದ ತಿಂಥಣಿ ಸೇತುವೆಯ ಕಡೆಗೆ ಹೋಗುವ ರಸ್ತೆಯ ಮೇಲಿದೆ. ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ. ನಾರಾಯಣಪುರ ಬಲದಂಡೆ ಕಾಲುವೆ ತಲುಪಿದ ಹೊಲಗಳಲ್ಲಿ ಭತ್ತ, ತಲುಪದ ಹೊಲಗಳಲ್ಲಿ ಜೋಳ, ತೊಗರಿ, ಹತ್ತಿ. ಕಾಲುವೆ ತಲುಪದ ಮನೆಗಳಿಂದ ಗುಳೆ. 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಅದಾದ ಒಂಬತ್ತು ವರ್ಷಕ್ಕೆ, 2011ರಲ್ಲಿ, ರಾಯಚೂರು ಜಿಲ್ಲೆಯ ಎಲುಬು ಕಾಣುವ ಮಕ್ಕಳ ಚಿತ್ರಗಳು ಟಿವಿಯಲ್ಲಿ, ಪತ್ರಿಕೆಗಳಲ್ಲಿ ಬಂದವು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. 2012ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ಅಧ್ಯಕ್ಷತೆಯಲ್ಲಿ ಅಪೌಷ್ಟಿಕತೆ ಕುರಿತ ಸಮಿತಿ ವರದಿ ಕೊಟ್ಟಿತು.

ಮಕ್ಕಳ ಸೊರಗುವಿಕೆಗೆ ನ್ಯಾಯಮೂರ್ತಿಯೊಬ್ಬರ ಸಮಿತಿ ಯಾಕೆ ಬೇಕಾಯಿತು? ವೈದ್ಯರು ಇರಲಿಲ್ಲವೇ, ಅಂಗನವಾಡಿ ಇರಲಿಲ್ಲವೇ? ಎಲ್ಲರೂ ಇದ್ದರು. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ರಾಯಚೂರಿನ ಚಿತ್ರಗಳು ಟಿವಿಗೆ ಬರುವ ಹೊತ್ತಿಗೆ ಅಂಗನವಾಡಿಗೆ ಮೂವತ್ತಾರು ವರ್ಷ. ತಕ್ಕಡಿ ಇತ್ತು, ರಿಜಿಸ್ಟರ್ ಇತ್ತು, ಪೌಷ್ಟಿಕ ಪುಡಿಯ ಚೀಲವೂ ಇತ್ತು. ನನ್ನ ಮಟ್ಟಿಗೆ ತೊಡಕು ಇದ್ದದ್ದು ಬೇರೆಲ್ಲೋ. ಮಗುವಿನ ಬೆಳವಣಿಗೆಯ ಲೆಕ್ಕದಲ್ಲಿ ಎಷ್ಟೋ ಅಂಕಿಗಳಿವೆ, ಅವೆಲ್ಲ ಯಾವ ಒಬ್ಬ ಹಿರಿಯರ ಕೈಯಲ್ಲೂ ಒಟ್ಟಿಗೆ ಇರುವುದಿಲ್ಲ. ತೂಕ ಅಂಗನವಾಡಿ ಟೀಚರಿಗೆ ಗೊತ್ತು. ಹೋದ ತಿಂಗಳು ಎಷ್ಟು ಸಲ ಭೇದಿಯಾಯಿತೆಂದು ಆಶಾ ಕಾರ್ಯಕರ್ತೆಗೆ ಗೊತ್ತು. ಹಗಲಿಡೀ ಕೂಸಿಗೆ ಏನು ತಿನ್ನಿಸಿದರೆಂದು ಅಜ್ಜಿಗೆ ಗೊತ್ತು, ಯಾಕೆಂದರೆ ತಾಯಿ ಮುಂಜಾನೆಯೇ ಹತ್ತಿ ಬಿಡಿಸಲು ಹೋಗಿರುತ್ತಾಳೆ. ನೀರಿನ ಪೈಪು ಚರಂಡಿಯ ಪಕ್ಕ ಎಲ್ಲಿ ಒಡೆದಿದೆಯೆಂದು ಪಂಚಾಯ್ತಿಯ ನೀರು ಬಿಡುವವನಿಗೆ ಗೊತ್ತು. ಮನೆಮಂದಿ ಯಾವ ವಾರ ಬೆಂಗಳೂರಿಗೆ ಹೊರಡುತ್ತಾರೆಂದು ಮುಂಗಡ ಕೊಟ್ಟ ಮೇಸ್ತ್ರಿಗೆ ಗೊತ್ತು. ಇಷ್ಟು ಜನ ಒಂದು ಕಡೆ ಕೂತು ಮಾತಾಡದಿದ್ದರೆ ವಿಜ್ಞಾನ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ನಾನು ಒಳ್ಳೆಯ ಮಾತೆಂದು ಹೇಳುತ್ತಿಲ್ಲ, ಜೀವಶಾಸ್ತ್ರವೇ ಹಾಗಿದೆ.

ಮೊದಲು ಒಂದು ಹಳೆಯ ನಂಬಿಕೆಯನ್ನು ಬದಿಗಿಡೋಣ. 'ನಮ್ಮ ಮಂದಿ ಕುಳ್ಳ, ನಮ್ಮ ಮಕ್ಕಳೂ ಹಂಗ' ಎಂಬ ಮಾತನ್ನು ಓದಿದವರೂ ಆಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆಯಿತು. ಆರಿಸಿಕೊಂಡದ್ದು ಎದೆಹಾಲು, ಒಳ್ಳೆಯ ಆಹಾರ, ಲಸಿಕೆ, ಬೀಡಿ ಸಿಗರೇಟು ಸೇದದ ತಾಯಂದಿರು ಇರುವ ಮನೆಗಳನ್ನು. ಭಾರತದಿಂದ ದಕ್ಷಿಣ ದಿಲ್ಲಿಯ ಕುಟುಂಬಗಳು. ಐದು ವರ್ಷದವರೆಗೆ ದಿಲ್ಲಿಯ ಮಗುವೂ ಓಸ್ಲೋದ ಮಗುವೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬೆಳೆದವು. ಆ ಗೆರೆಯೇ 2006ರಲ್ಲಿ ಜಗತ್ತಿನ ಮಾನದಂಡವಾಯಿತು, ನಮ್ಮ ಅಂಗನವಾಡಿಯ ಗೋಡೆಗೂ ಬಂತು. ಅದರಂತೆ ಅಳೆದಾಗ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದರೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 19.5ರಷ್ಟು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದೇ ಅಂಕಿಗಳು 36.2 ಮತ್ತು 26.1. ಸೊರಗುವಿಕೆ ಕಣ್ಣಿಗೆ ಕಾಣುವಷ್ಟು ಇಳಿಯಿತು, ಕುಳ್ಳತನ ಕದಲಲಿಲ್ಲ. ತೂಕವನ್ನು ವಾರಗಳಲ್ಲಿ ಕಳೆದುಕೊಳ್ಳಬಹುದು, ವಾರಗಳಲ್ಲಿ ಮರಳಿ ಪಡೆಯಲೂಬಹುದು. ಎತ್ತರ ಹಾಗಲ್ಲ, ಅದು ಬಸಿರಿನಿಂದಲೇ ಕೂಡುತ್ತ ಬಂದ ಬಾಕಿ.

ಈಗ ಅಜ್ಜಿಯ ಬಟ್ಟಲಿಗೆ ಬರೋಣ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೇಲಿನ ಆಹಾರ ಬೇಕು. ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ, ಒಂಬತ್ತರಿಂದ ಹನ್ನೊಂದರಲ್ಲಿ 300, ವರ್ಷ ದಾಟಿದ ಮೇಲೆ 550. ಎಂಟು ಕಿಲೊ ತೂಗುವ ಮಗುವಿನ ಜಠರ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರ್. ನೀರಾದ ಗಂಜಿಯ ಒಂದು ಮಿಲಿಲೀಟರಿನಲ್ಲಿ ಇರುವುದು ಹೆಚ್ಚೆಂದರೆ 0.3 ಕಿಲೊಕ್ಯಾಲೊರಿ. 550 ಬರಬೇಕಾದರೆ ಕೂಸು ಒಂದೂಮುಕ್ಕಾಲು ಲೀಟರಿಗಿಂತ ಹೆಚ್ಚು ಗಂಜಿ ಕುಡಿಯಬೇಕು, ಅಂದರೆ ಹೊಟ್ಟೆ ಬಿರಿಯುವಂತೆ ಏಳೆಂಟು ಸಲ. ಯಾವ ಕೂಸೂ ಕುಡಿಯುವುದಿಲ್ಲ. ಹೊಟ್ಟೆ ತುಂಬಿಯೇ ಹಸಿದಿರುವ ಮಗು ಎಂದರೆ ಇದು. ಅದೇ ಗಂಜಿಯನ್ನು ಗಟ್ಟಿ ಮಾಡಿ, ಬೇಳೆ ಕೂಡಿಸಿ, ಒಂದು ಚಮಚ ಎಣ್ಣೆ ಹಾಕಿ 0.8ಕ್ಕೆ ಏರಿಸಿದರೆ 700 ಮಿಲಿಲೀಟರಿನೊಳಗೆ, ಮೂರು ಊಟದಲ್ಲಿ ಮುಗಿಯುತ್ತದೆ. ಒಂದು ಚಮಚ ಶೇಂಗಾ ಎಣ್ಣೆಯಲ್ಲಿ ಸುಮಾರು 45 ಕಿಲೊಕ್ಯಾಲೊರಿ ಇದೆ. ಎಣ್ಣೆಯಿಂದ ಕೆಮ್ಮು ಬರುತ್ತದೆ ಎಂಬ ಹೆದರಿಕೆ ಆ ಚಮಚವನ್ನು ತಡೆಯುತ್ತದೆ.

ಗಟ್ಟಿ ಮಾಡಿದರೆ ಇನ್ನೊಂದು ತೊಂದರೆ: ಕೂಸು ನುಂಗುವುದಿಲ್ಲ. ಬೇಯುವಾಗ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಇದಕ್ಕೆ ಉಪಾಯ ನಮ್ಮದೇ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಎಚ್.ಎಸ್.ಆರ್. ದೇಸಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ ಅವರ ಅಧ್ಯಯನಗಳಲ್ಲಿ ಬೆಳೆಯಿತು. ಕಾಳು ಮೊಳೆಯುವಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟದ ಉದ್ದ ಸರಪಳಿಯನ್ನು ತುಂಡರಿಸುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿಯ ಹಿಟ್ಟಿನಲ್ಲಿ ಮಾಡಿದ ಗಂಜಿಗೆ ದುಪ್ಪಟ್ಟು ಹಿಟ್ಟು ಹಾಕಿದರೂ ತೆಳ್ಳಗೇ ಇರುತ್ತದೆ, ಶಕ್ತಿ ಮಾತ್ರ ಹೆಚ್ಚು. ಜೋಳದ ಸೀಮೆಯವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಜೋಳದ ಎಳೆ ಮೊಳಕೆಯಲ್ಲಿ ಸಯನೈಡ್ ಬಿಡುವ ಧುರಿನ್ ಎಂಬ ವಸ್ತುವಿದೆ. ಎಳೆ ಜೋಳದ ಬೆಳೆ ಮೇಯ್ದ ದನ ಸತ್ತದ್ದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳ ಹಿಟ್ಟಿಗೆ ರಾಗಿ, ಗೋಧಿ, ಹೆಸರುಗಳ ಮೊಳಕೆಯೇ ಲೇಸು.

ಜೋಳವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೈದರಾಬಾದಿನಲ್ಲಿ ಈಗ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಎನಿಸಿಕೊಂಡಿರುವ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ಪೌಷ್ಟಿಕಾಂಶ ಕೊರತೆಯ ರೋಗವನ್ನು ಗುರುತಿಸಿ, ಜೋಳದ ಹೆಚ್ಚಿನ ಲ್ಯೂಸಿನ್ ಅದಕ್ಕೆ ಕಾರಣವಿರಬಹುದು ಎಂದರು. ಆ ವಾದ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಆದರೆ ಧಾನ್ಯವೊಂದನ್ನೇ ನೆಚ್ಚಿದ ಊಟದಲ್ಲಿ ಯಾವುದೋ ಒಂದು ಕೊರತೆ ಇದ್ದೇ ಇರುತ್ತದೆ ಎಂಬುದು ನಿಂತಿತು. ಜೋಳದಲ್ಲಿ ಲೈಸಿನ್ ಕಡಿಮೆ, ತೊಗರಿಬೇಳೆಯಲ್ಲಿ ಅದು ಧಾರಾಳ. ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ ಒಂದೇ ಗಂಗಾಳಕ್ಕೆ ಬಂದರೆ ಅದು ಪೂರ್ತಿ ಊಟ. ತೊಗರಿ ಬೆಳೆದವರು ತೊಗರಿಯನ್ನೆಲ್ಲ ಮಾರಿ ಬರೀ ರೊಟ್ಟಿ ಉಂಡರೆ ಅಲ್ಲ.

ಇದನ್ನೆಲ್ಲ ಹೊರಗಿನವರು ಬಂದು ಭಾಷಣ ಮಾಡಿದರೆ ಯಾರು ಕೇಳುತ್ತಾರೆ? 1990ರ ಕೊನೆಯಲ್ಲಿ ಜೆರ್ರಿ ಸ್ಟರ್ನಿನ್ ಎಂಬಾತ ಮಡದಿ ಮೋನಿಕ್ ಜೊತೆ ವಿಯೆಟ್ನಾಮಿಗೆ ಹೋದಾಗ ಮಕ್ಕಳ ಅಪೌಷ್ಟಿಕತೆ ಇಳಿಸಿ ತೋರಿಸಲು ಅಲ್ಲಿನ ಸರಕಾರ ಅವರಿಗೆ ಆರು ತಿಂಗಳ ಗಡುವು ಕೊಟ್ಟಿತ್ತು. ಕೈಯಲ್ಲಿ ದುಡ್ಡಿಲ್ಲ. ಅವರು ಹಳ್ಳಿಯ ಹೆಂಗಸರಿಂದಲೇ ಮಕ್ಕಳನ್ನು ತೂಗಿಸಿ ಒಂದು ಪ್ರಶ್ನೆ ಕೇಳಿದರು: ಕಡುಬಡವರ ಮನೆಯಲ್ಲೂ ಚೆನ್ನಾಗಿ ಬೆಳೆದ ಮಗು ಇದೆಯೇ? ಇತ್ತು. ಆ ಮನೆಗಳಿಗೆ ಹೋಗಿ ನೋಡಿದವರು ಊರಿನ ಹೆಂಗಸರೇ. ಅಲ್ಲಿ ತಾಯಂದಿರು ಗದ್ದೆಯ ಸಣ್ಣ ಸಿಗಡಿ, ಏಡಿ, ಗೆಣಸಿನ ಸೊಪ್ಪನ್ನು ಮಕ್ಕಳ ಅನ್ನಕ್ಕೆ ಸೇರಿಸುತ್ತಿದ್ದರು. ಉಳಿದವರು ಅವನ್ನು ಮಕ್ಕಳಿಗೆ ಆಗದ ಆಹಾರವೆಂದು ಬಿಟ್ಟಿದ್ದರು. ಈ ತಾಯಂದಿರು ದಿನಕ್ಕೆರಡು ಸಲ ಉಣಿಸುವ ಬದಲು ನಾಲ್ಕೈದು ಸಲ ಉಣಿಸುತ್ತಿದ್ದರು. ಭೇದಿಯಾದಾಗಲೂ ಊಟ ನಿಲ್ಲಿಸುತ್ತಿರಲಿಲ್ಲ. ಪಶ್ಚಿಮ ಬಂಗಾಳದಲ್ಲಿ 2001ರಲ್ಲಿ ಇದೇ ದಾರಿಯ ಕಾರ್ಯಕ್ರಮ ಶುರುವಾಯಿತು. ಪರಿಹಾರ ಊರೊಳಗೇ ಯಾವುದೋ ಒಂದು ಮನೆಯಲ್ಲಿ ಇರುತ್ತದೆ, ಅದನ್ನು ಹುಡುಕಲು ಊರಿನವರೇ ಬೇಕು. ಜಾಲಹಳ್ಳಿಯ ಓಣಿಗಳಲ್ಲಿ ಹುಡುಕಿದರೆ ಏನು ಸಿಕ್ಕೀತು? ಮೊಸರಲ್ಲಿ ನೆನೆಸಿದ ರೊಟ್ಟಿಯೋ, ಕಟ್ಟಿನ ಸಾರಿನ ತಳದ ಬೇಳೆಯನ್ನು ಕೂಸಿಗೆಂದು ತೆಗೆದಿಡುವ ಅತ್ತೆಯೋ. ಹಲ್ಲು ಬರುವಾಗ ಭೇದಿ ಹತ್ತಿದ ಮೊಮ್ಮಗುವಿಗೆ 'ಹೊಟ್ಟಿ ಖಾಲಿ ಇರ್ಲಿ' ಎನ್ನದ ಅಜ್ಜಿ ಸಿಕ್ಕರೆ ಅವರೇ ಆ ಓಣಿಯ ಪಾಠ ಹೇಳಬೇಕು.

ಊಟ ಸರಿಹೋದರೂ ಕೆಲವು ಮಕ್ಕಳು ಬೆಳೆಯುವುದಿಲ್ಲ. ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನಂತೆ ಲಕ್ಷಾಂತರ ಎಳೆಗಳಿಂದ ತುಂಬಿದೆ. ಆಹಾರ ಹೀರುವುದು ಆ ಎಳೆಗಳು. ದಿನಾಲೂ ಮಲದ ರೋಗಾಣು ಹೊಟ್ಟೆ ಸೇರುತ್ತಿದ್ದರೆ ಎಳೆಗಳು ಸವೆದು ಚಪ್ಪಟೆಯಾಗುತ್ತವೆ, ಗೋಡೆ ಸೋರುತ್ತದೆ, ಭೇದಿಯಿಲ್ಲದೆಯೂ ಊಟ ಮೈಗೆ ಹತ್ತುವುದಿಲ್ಲ. 2009ರಲ್ಲಿ ಜೀನ್ ಹಂಫ್ರಿ, ಮಕ್ಕಳ ಕುಳ್ಳತನಕ್ಕೆ ಇದು ದೊಡ್ಡ ಕಾರಣವಿರಬೇಕು ಎಂದು ಬರೆದರು. ಹಾಗಿದ್ದರೆ ಮನೆಗೊಂದು ಶೌಚಾಲಯ, ಕೈತೊಳೆಯಲು ಸೋಪು, ಕ್ಲೋರಿನ್ ನೀರು ಕೊಟ್ಟರೆ ಮಕ್ಕಳು ಎತ್ತರವಾಗಬೇಕಲ್ಲ? ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ದೊಡ್ಡ ಪ್ರಯೋಗಗಳೇ ನಡೆದವು. 2018–19ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಸುಮ್ಮನಾಗಿಸಿತು: ಎತ್ತರ ಹೆಚ್ಚಲಿಲ್ಲ. ಅನೇಕ ತಜ್ಞರು ಅದನ್ನು ಓದಿದ್ದು ಹೀಗೆ: ಒಂದು ಮನೆ ಶೌಚಾಲಯ ಕಟ್ಟಿಕೊಂಡರೆ ಪಕ್ಕದ ಬಯಲಿನ ನೊಣ ಬರುವುದನ್ನು ನಿಲ್ಲಿಸುವುದಿಲ್ಲ. ಇಡೀ ಊರಿನ ನೀರು, ಚರಂಡಿ, ತಿಪ್ಪೆ ಒಟ್ಟಿಗೆ ಸರಿಹೋದರೆ ಮಾತ್ರ ಕರುಳಿಗೆ ಗೊತ್ತಾಗುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತರು. ಜಿಲ್ಲಾ ಕೇಂದ್ರದ ಕಥೆಯೇ ಅದಾದರೆ ಹಳ್ಳಿಯ ತಾಯಿಗೆ ಮಾತ್ರ ಕೈತೊಳೆಯುವ ಪಾಠ ಹೇಳುವುದು ನ್ಯಾಯವಲ್ಲ.

ಇನ್ನೊಂದು ಬೇರು ಇನ್ನೂ ಹಿಂದಿದೆ. 1996ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಸಂಗಡಿಗರೊಂದಿಗೆ ಒಂದು ಒಗಟು ಮುಂದಿಟ್ಟರು: ಆಫ್ರಿಕಕ್ಕಿಂತ ದಕ್ಷಿಣ ಏಷ್ಯಾದಲ್ಲಿ ಸೊರಗಿದ ಮಕ್ಕಳು ಹೆಚ್ಚೇಕೆ? ಉತ್ತರ ಹುಡುಕುತ್ತ ಅವರು ಹೆಣ್ಣುಮಕ್ಕಳ ಸ್ಥಿತಿಗೆ ಬಂದು ನಿಂತರು. ಆಫ್ರಿಕದ ಬಸುರಿ ಹತ್ತು ಕಿಲೊ ಸಮೀಪ ತೂಕ ಕೂಡಿಕೊಂಡರೆ ನಮ್ಮ ಕಡೆಯವಳು ಐದಕ್ಕಿಂತ ತುಸು ಹೆಚ್ಚು. ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುವವಳ ಹೊಟ್ಟೆಯಲ್ಲಿ ಕೂಸು ದಪ್ಪವಾಗುವುದಾದರೂ ಹೇಗೆ? ಬಸುರಿಗೆ ಮನೆಗೇ ಅಕ್ಕಿ ಬೇಳೆ ಕೊಟ್ಟರೆ ಅದು ಮನೆಯ ಎಲ್ಲರ ಮಡಕೆ ಸೇರುತ್ತದೆ. ಹಾಗಾಗಿ ರಾಜ್ಯ ಸರಕಾರದ 'ಮಾತೃಪೂರ್ಣ' ಯೋಜನೆ ಬಂತು: ಅಂಗನವಾಡಿಯಲ್ಲೇ ಕೂತು ಬಿಸಿಯೂಟ, ಮೊಟ್ಟೆ, 200 ಮಿಲಿಲೀಟರ್ ಹಾಲು, ಚಿಕ್ಕಿ, ಕಬ್ಬಿಣದ ಮಾತ್ರೆಯೂ ಅಲ್ಲೇ. ಪ್ರಯೋಗಕ್ಕೆ ಮೊದಲು ಆರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ದೇವದುರ್ಗದ ನೆರೆಯ ಮಾನ್ವಿಯೂ ಒಂದು. 2017ರ ಅಕ್ಟೋಬರ್ 2ರಿಂದ ರಾಜ್ಯಕ್ಕೆಲ್ಲ ವಿಸ್ತರಿಸಿತು.

ಯೋಜನೆ ಕಾಗದದಲ್ಲಿ ಚೆಂದ. ಆದರೆ ಮುಂಜಾನೆ ಕೂಲಿಗೆ ಹೋದವಳು ಮಧ್ಯಾಹ್ನದ ಊಟಕ್ಕೆ ಹೊಲದಿಂದ ಹೇಗೆ ಬಂದಾಳು? ಬಾಣಂತಿಯನ್ನು ಮನೆಯವರು ಹೊಸಿಲು ದಾಟಿಸುವುದಿಲ್ಲ. ಚೊಚ್ಚಲ ಬಸುರಿ ತವರಿಗೆ ಹೋಗಿರುತ್ತಾಳೆ. ಒಂದೇ ಸಾಲಿನಲ್ಲಿ ಕೂತು ಉಣ್ಣಲು ಕೆಲವು ಮನೆಯವರು ಒಪ್ಪುವುದಿಲ್ಲ. ಆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳದೆಯೂ ಎಲ್ಲರಿಗೂ ಗೊತ್ತು. ಇಂಥ ಗಂಟು ಬಿಚ್ಚಬೇಕಾದವರು ಅಂಗನವಾಡಿಗೊಂದರಂತೆ ಇರುವ ಬಾಲವಿಕಾಸ ಸಮಿತಿಯವರು. ಊಟದ ತರಕಾರಿ ಕೊಳ್ಳುವ ದುಡ್ಡು ಸಮಿತಿಯ ಖಾತೆಗೆ ಬರುತ್ತದೆ. ಸಮಿತಿ ಗಟ್ಟಿಯಿದ್ದರೆ ಊಟದ ಹೊತ್ತು ಹಿಂದೆಮುಂದೆ ಆಗುತ್ತದೆ. ಅತ್ತೆಯರನ್ನು ಕರೆಸಿ ಮಾತಾಡಿಸಬಹುದು. ಸಹಿ ಹಾಕಿಸಿಕೊಳ್ಳಲಷ್ಟೇ ಸಮಿತಿ ಇದ್ದರೆ ಮೊಟ್ಟೆ ಬರುತ್ತದೆ, ತಿನ್ನುವವಳು ಬರುವುದಿಲ್ಲ.

ಮೊಟ್ಟೆಯ ಮಾತು ಬಂತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಎಲ್ಲ ಅಗತ್ಯ ಅಮೈನೊ ಆಮ್ಲಗಳು, ಬಿ12, ಕೋಲಿನ್. ಈಕ್ವೆಡಾರಿನಲ್ಲಿ ಎಳೆಯ ಮಕ್ಕಳಿಗೆ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟಾಗ ಕುಳ್ಳತನ ಶೇ 47ರಷ್ಟು ಇಳಿಯಿತೆಂದು 2017ರಲ್ಲಿ ವರದಿಯಾಯಿತು. ಮಲಾವಿಯಲ್ಲಿ ಅದೇ ಮಾಡಿದರೆ ಏನೂ ವ್ಯತ್ಯಾಸವಾಗಲಿಲ್ಲ. ಅಲ್ಲಿನ ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು. ಮೊಟ್ಟೆ ಮಂತ್ರವಲ್ಲ, ಕೊರತೆಯಿರುವ ಕಡೆ ಮದ್ದು. 2021ರ ಡಿಸೆಂಬರಿನಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು, ಗದ್ದಲವಾಯಿತು. ಆಗ ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದುಗಿನ ಮಕ್ಕಳನ್ನೂ ತೂಗಿ ನೋಡಿತು. ಯಾದಗಿರಿಯ ಮಕ್ಕಳು ಹೆಚ್ಚು ತೂಕ ಕೂಡಿಕೊಂಡಿದ್ದರು. ಎರಡು ಜಿಲ್ಲೆಗಳ ಹೋಲಿಕೆಯನ್ನು ಪಕ್ಕಾ ಪುರಾವೆ ಎನ್ನಲಾಗದು, ಆದರೂ ಕೂಗಾಟಕ್ಕೆ ತಕ್ಕಡಿಯಿಂದ ಉತ್ತರ ಕೊಟ್ಟ ರೀತಿ ನನಗೆ ಇಷ್ಟ. 2022ರಲ್ಲಿ ಮೊಟ್ಟೆ ರಾಜ್ಯಕ್ಕೆಲ್ಲ ಬಂತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ.

ಕೆಂಪು ಪಟ್ಟಿಯ ಮಗುವಿಗೆ ಮಾತ್ರ ಊರಿನ ಊಟ ಸಾಲದು, ಕೆಲವೊಮ್ಮೆ ಅದೇ ಅಪಾಯ. ಬಹಳ ದಿನ ಹಸಿದ ದೇಹ ಎಲ್ಲ ಕೆಲಸವನ್ನೂ ತಗ್ಗಿಸಿಕೊಂಡಿರುತ್ತದೆ. ಹೃದಯ, ಮೂತ್ರಪಿಂಡ ನಿಧಾನವಾಗಿರುತ್ತವೆ. ಒಮ್ಮೆಲೇ ತುಂಬ ಉಣಿಸಿದರೆ ರಕ್ತದ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು ಜೀವಕ್ಕೇ ಕುತ್ತು. ಆದ್ದರಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಮೊದಲು 100 ಮಿಲಿಲೀಟರಿಗೆ 75 ಕಿಲೊಕ್ಯಾಲೊರಿ ಇರುವ ಹಾಲು, ಎರಡು ಮೂರು ಗಂಟೆಗೊಮ್ಮೆ ಚೂರುಚೂರು. ಹಸಿವು ಮರಳಿದ ಮೇಲೆ 100 ಕಿಲೊಕ್ಯಾಲೊರಿಯದ್ದು. ಒಟ್ಟು ಸುಮಾರು ಹದಿನಾಲ್ಕು ದಿನ. ಈ ಚಿಕಿತ್ಸೆ ಹೆಚ್ಚಾಗಿ ಸೋಲುವುದು ಔಷಧದಲ್ಲಲ್ಲ, ದಿನದ ಲೆಕ್ಕದಲ್ಲಿ. ತಾಯಿ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿ ಕೂತರೆ ಮನೆಯಲ್ಲಿರುವ ಇನ್ನೆರಡು ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ಎಮ್ಮೆ ಹಿಂಡುವವರು? ಕೂಲಿ ನಷ್ಟಕ್ಕೆ ಸರಕಾರ ಒಂದಿಷ್ಟು ಭತ್ಯೆ ಕೊಡುತ್ತದೆ, ಆದರೆ ದುಡ್ಡು ರೊಟ್ಟಿ ಬಡಿಯುವುದಿಲ್ಲ. ನಾದಿನಿ, ನೆರೆಮನೆಯವಳು, ಗಂಡ ಆ ಎರಡು ವಾರವನ್ನು ಹಂಚಿಕೊಂಡರೆ ತಾಯಿ ಉಳಿಯುತ್ತಾಳೆ, ಇಲ್ಲದಿದ್ದರೆ ಐದನೆಯ ದಿನ ಹೇಳದೆ ಎದ್ದು ಬರುತ್ತಾಳೆ. ದಾಖಲಾತಿಯ ಚೀಟಿ ಬರೆಯುವ ಮೊದಲು ಆಶಾ ಕಾರ್ಯಕರ್ತೆ ಮನೆಯ ಗಂಡಸರ ಜೊತೆ ಕೂತು ಇದನ್ನು ಇತ್ಯರ್ಥ ಮಾಡಿಸುವುದು ಚಿಕಿತ್ಸೆಯ ಮೊದಲ ಡೋಸ್.

ಕೆಂಪಿಗೆ ಬೀಳುವ ಮುಂಚೆ ಹಿಡಿಯಬೇಕಾದರೆ ತಿಂಗಳಿಗೊಮ್ಮೆ ಟೀಚರ್ ಅಳೆದರೆ ಸಾಕಾಗದು. ನೈಜರ್ ದೇಶದಲ್ಲಿ ತಾಯಂದಿರ ಕೈಗೇ ಪಟ್ಟಿ ಕೊಟ್ಟು ನೋಡಿದ್ದಾರೆ. ಅಕ್ಷರ ಬಾರದ ತಾಯಂದಿರೂ ಕಾರ್ಯಕರ್ತೆಯರಷ್ಟೇ ಸರಿಯಾಗಿ ಅಳೆದರು. ಬಣ್ಣ ನೋಡಲು ಓದು ಬೇಕಿಲ್ಲ.

ಕೊನೆಗೆ ಗುಳೆ. ಕರ್ನಾಟಕ ಸರಕಾರ 2023–24ರಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ 4,000 ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು; ಮಕ್ಕಳನ್ನು ನೋಡಿಕೊಳ್ಳುವವರೂ ಖಾತ್ರಿ ಕೆಲಸದ ಹೆಂಗಸರೇ. ಊರಲ್ಲೇ ಉಳಿದವರಿಗೆ ಇದು ವರ. ಊರು ಬಿಟ್ಟವರ ಮಕ್ಕಳು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುತ್ತಾರೆ, ಯುಗಾದಿಗೋ ಮೊಹರಮ್ಮಿಗೋ ಮರಳಿದಾಗ ಪಟ್ಟಿಯ ಬಣ್ಣ ಬದಲಾಗಿರುತ್ತದೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಿದೆ, ವಲಸೆ ಹೋದ ಮಗುವನ್ನು ಅಲ್ಲಿನ ಅಂಗನವಾಡಿಗೆ ಸೇರಿಸಿಕೊಳ್ಳಲು ಅವಕಾಶವಿದೆ. ಆದರೆ ಹೋದ ಊರಲ್ಲಿ ಅಂಗನವಾಡಿ ಯಾವ ಗಲ್ಲಿಯಲ್ಲಿದೆಯೆಂದು ಆ್ಯಪ್ ತಾಯಿಯ ಕೈಹಿಡಿದು ತೋರಿಸುವುದಿಲ್ಲ. ಹೊರಡುವ ದಿನ, ಸೈಟಿನ ವಿಳಾಸ, ಶೆಡ್ಡುಗಳ ಸಂಖ್ಯೆ ಮೊದಲು ಗೊತ್ತಾಗುವುದು ಮೇಸ್ತ್ರಿಗೆ. ಆತ ಯಾವ ಸಮಿತಿಯಲ್ಲೂ ಇಲ್ಲ, ಯಾವ ಸಭೆಗೂ ಅವನನ್ನು ಕರೆಯುವುದಿಲ್ಲ. ಬೆಳೆ ಮುಗಿದು ಮುಂಗಡದ ದುಡ್ಡು ಊರಿಗೆ ಬರುವ ವಾರದಲ್ಲಿ ಬಾಲವಿಕಾಸ ಸಮಿತಿ ಅವನನ್ನು ಕರೆಸಬೇಕು. ಹೊರಡುವ ಪ್ರತಿ ಕೂಸಿನ ತೋಳು ಅಳೆದು ತಾಯಿ ಕಾರ್ಡಿನಲ್ಲಿ ಬರೆಯಬೇಕು, ಹಳದಿ ಬಂದ ಮಕ್ಕಳ ಹೆಸರಿನ ಪಕ್ಕ ಮೇಸ್ತ್ರಿಯ ಫೋನ್ ನಂಬರು ಹಾಕಿಕೊಳ್ಳಬೇಕು, ತಿಂಗಳಿಗೊಮ್ಮೆ ಜಾಲಹಳ್ಳಿಯಿಂದ ಆ ನಂಬರಿಗೆ ಒಂದು ಕರೆ ಹೋಗಬೇಕು.